ಮೂಲ ಕ್ರಮ ಉಳಿಯುವುದಿಲ್ಲ

ಹೆಣ್ಣು, ಹೊನ್ನು, ಮಣ್ಣಿಗಾಗಿ ನಡೆದ ಯುದ್ಧಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕಾಗಿದೆ. ಇದು ನಡೆದದ್ದು ಮೂರು ಪದಗಳಿಗಾಗಿ: ‘ಮೂಲ ಕ್ರಮ ಉಳಿಯುವುದಿಲ್ಲ.’

ಕಚೇರಿಯವರೆಲ್ಲ ‘ಗುರುಗಳು’ ಎನ್ನುತ್ತಿದ್ದ ಹಿರಿಯ ಇಂಜಿನಿಯರ್ ಅದನ್ನು ಕೈಪಿಡಿಯಿಂದ ಹೊಡೆದುಹಾಕಿದರು.

“ಸಾರ್, ಅದು ಇರ್ಲಿ. ಓದೋರಿಗೆ ಗೊತ್ತಾಗ್ಬೇಕು,” ಎಂದಳು ಅದನ್ನು ಬರೆದಿದ್ದ ಬರಹಗಾರ್ತಿ.

“ಗೊತ್ತಿಲ್ಲದೋರು ನನ್ನ ಕೇಳ್ತಾರೆ. ನೀನೂ ಕೇಳಿದ್ದಿದ್ರೆ ಈ ಮೂಲೇಲಿ ಕೂರ್ತಿರ್ಲಿಲ್ಲ, ಅಲ್ವೇನಮ್ಮ?”

ಕೋಣೆಯೆಲ್ಲ ನಕ್ಕಿತು. ಕಥೆ ಎಲ್ಲರಿಗೂ ಗೊತ್ತಿತ್ತು.

ಆ ಕಚೇರಿ ತಯಾರಿಸುತ್ತಿದ್ದದ್ದು ಲೆಕ್ಕದ ಪ್ರೋಗ್ರಾಂಗಳ ಲೈಬ್ರರಿ, ಬೇರೆಯವರು ತಮ್ಮ ಕೆಲಸಕ್ಕೆ ಎತ್ತಿಕೊಂಡು ಬಳಸುವಂಥದ್ದು. ಅಂಕಿಗಳನ್ನು ‘ಅರೇ’ ಎಂಬ ಸಾಲಿನಲ್ಲಿ ಪೋಣಿಸಿಟ್ಟರೆ ಅದರ ಮೆಥಡ್‌ಗಳು, ಅಂದರೆ ಸಿದ್ಧ ಆಜ್ಞೆಗಳು, ಕೂಡುತ್ತವೆ, ಕತ್ತರಿಸುತ್ತವೆ, ಜೋಡಿಸುತ್ತವೆ. ಲೆಕ್ಕದ ವಿಭಾಗದಲ್ಲಿದ್ದಾಗ ಅವಳು ಒಂದು ಸೇತುವೆಯ ಕಂಪನದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಲು ಹೊರಟಿದ್ದಳು. ಮೆಥಡ್ ಹೊಸದೊಂದು ಸಾಲು ಕೊಡುತ್ತದೆಂದು ನಂಬಿದ್ದಳು. ಅದು ಇದ್ದ ಸಾಲನ್ನೇ ಜೋಡಿಸಿಬಿಟ್ಟಿತು. ಯಾವ ಗಳಿಗೆಯಲ್ಲಿ ಸೇತುವೆ ಎಷ್ಟು ನಡುಗಿತೆಂಬುದು ಅಳಿಸಿಹೋಯಿತು. ಪ್ರತಿ ಇರಲಿಲ್ಲ. ಅವಳನ್ನು ಡಾಕ್ಯುಮೆಂಟೇಶನ್, ಅಂದರೆ ಬಳಸುವವರಿಗೆ ಕೈಪಿಡಿ, ಬರೆಯುವ ಮೂಲೆಗೆ ತಳ್ಳಿದರು. ತಳ್ಳಿಸಿದವರು ಗುರುಗಳು. ಅವಳು ಬರೆದದ್ದನ್ನು ಒಪ್ಪಬೇಕಾದವರೂ ಅವರೇ.

ಅಂದು ಮಧ್ಯಾಹ್ನ ಪಕ್ಕದ ಮೇಜಿನಲ್ಲಿ ಪ್ರೋಗ್ರಾಂಗಳ ತಪ್ಪು ಹುಡುಕುವ ಪರೀಕ್ಷಕಿಗೆ ಹೇಳಿದಳು: “ಅಕ್ಕ, ಈ ಮನುಷ್ಯನ್ನ ಮುಗಿಸ್ತೀನಿ. ಇದೇ ಡಾಕ್ಯುಮೆಂಟೇಶನ್‌ನಲ್ಲೇ.”

ಮರುದಿನದಿಂದ ಗುರುಗಳ ಮುಂದೆ ಕೈಕಟ್ಟಿ ನಿಲ್ಲತೊಡಗಿದಳು. ಆ ಮೇಜಿನ ಸುತ್ತ ಸದಾ ಸಂದೇಹ ಕೇಳುವ ಜನ, ಫೋನಿನಲ್ಲೂ ಜನ. ಮೇಲಧಿಕಾರಿಗಳೂ ಅವರ ಬಿಡುವು ಕೇಳಿಕೊಂಡೇ ಬರುತ್ತಿದ್ದರು.

“ಅರೇಯಿಂದ ಒಂದು ತುಂಡು ತೆಗೆದು ತಿದ್ದಿದೆ ಸಾರ್. ಮೂಲಾನೂ ಬದಲಾಗ್ಬಿಡ್ತು.”

“ಕಿಟಕಿ ತೆಗೆದ್ರೆ ಕಾಣೋದು ಬೇರೆ ಬೀದಿಯೇನಮ್ಮ? ಇದ್ದ ಬೀದೀನೇ. ಕಲ್ಲೆಸೆದ್ರೆ ಅಲ್ಲಿರೋರ ತಲೆಗೇ ಬೀಳೋದು. ಬೇರೆ ಬೇಕಿದ್ರೆ ಪ್ರತಿ ಮಾಡ್ಕೋ.”

ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು. ಹೋಗಿ ಟೈಪ್ ಮಾಡಿದಳು. ಮತ್ತೆ ಬಂದಳು.

“ಹನ್ನೆರಡು ಅಂಕೀನ ಐದೈದರ ಸಾಲು ಮಾಡೋಕೆ ಹೋದೆ. ಆಕಾರ ಬದಲಿಸೋ ಮೆಥಡ್ ಆಗಲ್ಲ ಅಂತಿದೆ ಸಾರ್.”

“ಹನ್ನೆರಡು ಮೊಟ್ಟೇನ ಐದೈದರಂತೆ ಜೋಡಿಸೋಕೆ ಹೋದ್ರೆ ಎರಡು ಉಳಿಯುತ್ತೆ. ನಿನಗೆ ಬರದ ಲೆಕ್ಕ ಅದಕ್ಕೆ ಬರುತ್ತಲ್ಲ, ಸಂತೋಷಪಡು.”

ಇಂಥ ದಡ್ಡಿ ಸಿಕ್ಕ ಖುಷಿಗೆ ಗುರುಗಳ ನಾಲಗೆ ದಿನೇ ದಿನೇ ಹರಿತವಾಯಿತು.

ಪರೀಕ್ಷಕಿ ಅಕ್ಕ ಮಾತ್ರ ನಗಲಿಲ್ಲ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. “ಸುಳ್ಳುಪಳ್ಳು ಬರ್ದು ಅನಾಹುತ ಮಾಡ್ಬೇಡ ಕಣೆ. ಈ ಲೆಕ್ಕ ನಂಬಿ ಕಟ್ಟಡ ಕಟ್ಟೋರಿದ್ದಾರೆ.”

“ಏನಾದ್ರೂ ಆದ್ರೆ ಹೆಸರು ಅವರದೇ ಅಕ್ಕ. ಒಪ್ಪಿಗೆ ಕೊಡೋರು ಅವರು ತಾನೆ?”

ಒಂದೇ ವಾಕ್ಯವಿದ್ದಾಗ ಗುರುಗಳು ಓದಿದ್ದರು. ಈಗ ಅವಳು ತಂದಿಟ್ಟದ್ದು ಪುಟಗಟ್ಟಲೆ. ಪ್ರತಿ ಮೆಥಡ್‌ಗೂ ವಿವರಣೆ, ಪ್ರತಿ ವಿವರಣೆಗೂ ಉದಾಹರಣೆ.

“ಒಂದ್ಸಲ ಓದ್ಬಿಡಿ ಸಾರ್. ಆಮೇಲೆ ನನ್ನ ಮೇಲೆ ಬರಬಾರ್ದು.”

ಗುರುಗಳು ಎರಡು ಪುಟ ಸರಿಸಿ ಆಕಳಿಸಿದರು. “ಇಷ್ಟನ್ನೂ ಯಾವ ದಡ್ಡ ಓದ್ತಾನಮ್ಮ?” ಎಂದು ಒಪ್ಪಿಗೆಯ ಗುಂಡಿ ಒತ್ತಿದರು.

ಆ ಪುಟಗಳೊಂದಿಗೆ ಲೈಬ್ರರಿಯ ಹೊಸ ಆವೃತ್ತಿ ಹೊರಬಿತ್ತು. ಅಕ್ಕ ಗುಡುಗಿಗೆ ಕಾದಳು. ಗುಡುಗಲಿಲ್ಲ. ಮಿಂಚಲೂ ಇಲ್ಲ. ವಾರ ಕಳೆದ ಮೇಲೆ ತಡೆಯಲಾರದೆ ಕೇಳಿದಳು: “ಎಲ್ಲೆಲ್ಲಿ ತಪ್ಪು ಸೇರಿಸಿದ್ದೀಯ, ಈಗಲಾದ್ರೂ ಹೇಳೆ.”

“ಎಲ್ಲೂ ಇಲ್ಲ ಅಕ್ಕ. ಅವರು ಹೇಳಿದ್ದಷ್ಟನ್ನೂ ಬರ್ದೆ, ಬೈಗುಳ ಬಿಟ್ಟು.”

ಗೊತ್ತಿಲ್ಲದವರು ಆ ಪುಟಗಳನ್ನೇ ತೆರೆದು ಓದಿಕೊಂಡರು. ಆಮೇಲೆ ಗುರುಗಳನ್ನು ಯಾರೂ ಏನೂ ಕೇಳಲಿಲ್ಲ.