ಬಂಡೆಯೂರಿನ ಹೆಗಲು

ಬಾಳಿದ ನೆಲ ಮೈಗೆ ಹತ್ತುವುದು, ಬಿಟ್ಟರೆ ಹದಿನೈದು ದಿನದಲ್ಲಿ ಅಳಿಸಿಹೋಗುವುದು ಆ ಸೀಮೆಯಲ್ಲಿ ಹೊಸದೇನಲ್ಲ. ಬಂಡೆಯೂರಿಗೆ ಮದುವೆಯಾಗಿ ಹೋದ ಶಿವಗಂಗವ್ವನ ಹೆಗಲು ಕಲ್ಲಾಗಿ ಹೊಳೆಯುತ್ತಿತ್ತು. ವಿಡಿಯೊ ಗೇಮಿನ ನಾಯಕಿಗೆ ಆ ಹೆಗಲೇ ಬೇಕೆಂದು ಚಿತ್ರ ಬರೆಯುವವರು ಹುಣ್ಣಿಮೆಗೆ ಬರುವವರಿದ್ದರು. ತವರಿನ ಎರೆಹೊಲದಲ್ಲೇ ಉಳಿದು ಪಾದ ಮಾತ್ರ ಅಗಲವಾಗಿದ್ದ ತಂಗಿ ದ್ಯಾಮವ್ವನಿಗೆ ಹೊಟ್ಟೆ ಉರಿಯಿತು.

ಅಕ್ಕನನ್ನು ಕರೆಸಿಕೊಂಡು ಹೋಳಿಗೆ ಬಡಿಸಿದಳು, ಎರೆಮಣ್ಣು ಸಾರಿಸಿದ ನೆಲದ ಮೇಲೆ ಹಾಸಿಗೆ ಹಾಸಿದಳು.

ಹತ್ತನೆಯ ದಿನ ಅಕ್ಕ, “ನಾಳಿ ಹೊಕ್ಕೀನವ್ವಾ, ಇನ್ನ ಐದ ದಿನಕ್ಕ ಹುಣ್ಣಿವಿ, ಚಿತ್ರದವರು ಬರ್ತಾರ,” ಎಂದಳು.

“ತವರು ಇಷ್ಟ್ ಲಗೂನ ಬ್ಯಾಸರಾತೇನ ಯಕ್ಕಾ? ಹುಣ್ಣಿವಿ ಮುಂಜಾನಿ ನಾನ ಕಳಸ್ತೀನಿ, ಇರು.”

ದ್ಯಾಮವ್ವ ಎಣ್ಣೆ ಹಚ್ಚುವ ನೆಪದಲ್ಲಿ ಅಕ್ಕನ ಹೆಗಲನ್ನು ಒತ್ತಿ ನೋಡಿದಳು. ಬೆರಳು ಮೆತ್ತಗೆ ಒಳಗಿಳಿಯಿತು.