ಒಂದೇ ಗಾಡಿ ಪೈಪು

ಹನಿ ನೀರಾವರಿಯ ಸಬ್ಸಿಡಿ ಸಿಗಬೇಕಾದರೆ ಹೊಲದಲ್ಲಿ ಹಾಸಿದ ಪೈಪಿನ ಫೋಟೋ ಬೇಕು. ಸಬ್ಸಿಡಿ ಕೊಡಿಸುವ ಏಜೆಂಟನ ಬಳಿ ಇದ್ದದ್ದು ಒಂದೇ ಗಾಡಿ ಪೈಪು. ಅದನ್ನೇ ಒಬ್ಬರ ಹೊಲದಲ್ಲಿ ಹಾಸಿ, ಫೋಟೋ ಹೊಡೆಸಿ, ಸುತ್ತಿಕೊಂಡು ಇನ್ನೊಬ್ಬರ ಹೊಲಕ್ಕೆ ಒಯ್ಯುತ್ತಿದ್ದ. ರೈತರಿಗೆ ಚಿಲ್ಲರೆ ಸಿಗುತ್ತಿತ್ತು, ಉಳಿದದ್ದು ಅವನಿಗೂ ಅಧಿಕಾರಿಗೂ.

ಅಂದು ಶಾವಂತ್ರೆವ್ವನ ಸರದಿ. ತಲೆ ಮೇಲೆ ಸೆರಗು ಹೊದ್ದು ಪೈಪಿನ ಪಕ್ಕ ನಿಂತಳು. ಅಧಿಕಾರಿ ಫೋಟೋ ಹೊಡೆದು, ಶಾವಂತ್ರೆವ್ವ ತನ್ನ ಹೊಲದಲ್ಲಿ ಸ್ವಂತ ಪೈಪು ಅಳವಡಿಸಿದ್ದನ್ನು ಖುದ್ದಾಗಿ ನೋಡಿದ್ದೇನೆಂದು ಮೊಬೈಲಿನಲ್ಲೇ ವರದಿ ಕಳಿಸಿದ.

"ಲಗೂನ ಸುತ್ರಿ! ಮುಂದಿನ ಹೊಲಕ್ಕ ಹೊತ್ತಾತು," ಏಜೆಂಟ ಆಳುಗಳಿಗೆ ಕೂಗಿದ.

ಶಾವಂತ್ರೆವ್ವ ಪೈಪಿನ ಮೇಲೆ ಕಾಲಿಟ್ಟಳು. "ಯಾರೂ ಮುಟ್ಟಬ್ಯಾಡ್ರಿ."

"ಏನಬೇ, ತಲಿ ಕೆಟ್ಟೈತೇನು? ನಿನಗ ಕೊಡೋ ರೊಕ್ಕ ಕೊಡ್ತೀನಿ, ಬಿಡು."

"ನನಗ ರೊಕ್ಕ ಬ್ಯಾಡ. ನನ್ನ ಬೆಳಿಗೆ ನೀರು ಬೇಕು."

"ಪೈಪ್ ನಂದೈತಿ! ಪೊಲೀಸರನ್ನ ಕರಸ್ತೀನಿ ನೋಡು!"

"ಕರಸು," ಎಂದವಳು ಅಧಿಕಾರಿಯ ಕಡೆ ಕೈ ತೋರಿಸಿದಳು. "ಪೈಪು ನಂದು ಅಂತ ಸಾಹೇಬರು ಈಗಷ್ಟ ಸರ್ಕಾರಕ್ಕ ಬರದು ಕಳಿಸ್ಯಾರ. ಅವರೇ ನನ್ನ ಸಾಕ್ಷಿ."