ನೆಟ್ಟಗೆ ಬಿದ್ದ ಭಂಡಾರ

"ತಂಗಿ ಕುಂತ ವಿಮಾನ ಇಳಿಯೂದಿಲ್ಲಂತ್ರಿ. ಸೊಲ್ಲಾಪುರದಾಗ ಗಾಳಿ ಜೋರೈತಂತ ಹೈದರಾಬಾದಿಗೆ ತಿರುಗಿಸ್ಯಾರ," ಎಂದು ಮೈಲಾರಲಿಂಗ ಮೊಬೈಲನ್ನು ಕಿಸೆಗೆ ಇಳಿಸಿದ. "ಪ್ರಾಜಕ್ತಾ ಬರೂತನಕ ಅವ್ವನ ಹೆಣ ಅಂಗಳದಾಗ ಇಟ್ಕೊಂಡು ಕುಂಡ್ರಾಕ ಆಗೂದಿಲ್ಲ. ಅಪ್ಪಾ, ಭಂಡಾರ ಹಾಕು. ಎತ್ತೂಣು."

ಅಮೋಗಸಿದ್ಧ ಹೆಂಡತಿಯ ತಲೆಯ ಬಳಿಯಿಂದ ಎದ್ದ. ಮಗಳು ಬೇರೆ ಜಾತಿಯವನ ಕೈಹಿಡಿದು ಮುಂಬೈಗೆ ಹೋದಂದಿನಿಂದ, ಸೊಲ್ಲಾಪುರ ವಿಮಾನ ನಿಲ್ದಾಣದ ಮಗ್ಗುಲಿನ ಹೋಟಗಿಯ ಈ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ. ಮುದುಕಿ ಮಾತ್ರ ಸಾಯುವ ಮುಂಚೆ ಗಂಡನ ಕೈಯಲ್ಲಿ ಮನೆದೇವರು ಬೀರೋಬನ ಭಂಡಾರದ ಅರಿಶಿನ ಹಿಡಿಸಿ ಆಣೆ ಮಾಡಿಸಿಕೊಂಡಿದ್ದಳು: ಮಗಳು ಮುಖ ನೋಡಿದ ಮೇಲೆಯೇ ತನ್ನನ್ನು ಎತ್ತಬೇಕು.

ಅವನು ಚೀಲದಿಂದ ಒಂದು ಹಿಡಿ ತೆಗೆದು ಎದೆಯೆತ್ತರದಿಂದ ಬಿಟ್ಟ. ಐವತ್ತು ವರ್ಷ ಗಾಳಿ ನೋಡಿ ಕುರಿ ತಿರುಗಿಸಿದ ಕೈ ಅದು. ಅರಿಶಿನದ ಪುಡಿ ನೆಟ್ಟಗೆ ಇಳಿದು ಮುದುಕಿಯ ಹಣೆಯ ಮೇಲೆ ಕೂತಿತು. ಒಂದು ಕಣವೂ ಅತ್ತಿತ್ತ ಸರಿಯಲಿಲ್ಲ. ಅವನು ಮಗನನ್ನು ನೋಡಿದ. ಮಗ ನೆಲ ನೋಡಿದ. ಅಷ್ಟರಲ್ಲೇ ಮಾಳಿಗೆ ನಡುಗಿಸುತ್ತ ಮುಂಬೈ ವಿಮಾನ ಗಾಲಿ ಚಾಚಿಕೊಂಡು ಎಲ್ಲರ ತಲೆಯ ಮೇಲೇ ಹಾದು ನಿಲ್ದಾಣದತ್ತ ಇಳಿಯಿತು.

ನೆರೆದ ಮಂದಿ ಮೇಲೆ ನೋಡಿದರು, ಆಮೇಲೆ ಹಿರಿಯನ ಬಾಯಿ ನೋಡಿದರು. ಇದೇ ಮಂದಿಯೆದುರು, ಮಗಳು ತನ್ನ ಪಾಲಿಗೆ ಸತ್ತಳೆಂದು ಅವನು ಒಮ್ಮೆ ತಲೆಗೆ ನೀರು ಸುರಿದುಕೊಂಡಿದ್ದ.

"ಹೌದು, ಗಾಳಿ ಭಾಳ ಐತಿ," ಎಂದ ಅಮೋಗಸಿದ್ಧ, ಅಂಗೈಗೆ ಹತ್ತಿದ ಹಳದಿಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ. "ಎತ್ರಿ."